ನಿನಗೆಂದು ಎತ್ತಿಟ್ಟ ತುತ್ತು

ಪಾರ್ಸೆಲ್ ಆಫೀಸು
ಹತ್ತನೇ ತಾರೀಕು, ಗುರುವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಮೊದಲು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಕ್ಷೇಮ ಸಮಾಚಾರ ಬರೆಯುತ್ತ ಬರೆಯುತ್ತ ಧೈರ್ಯ ಕರಗಿಹೋಗುತ್ತದೆ. ನಿನ್ನ ಗುಂಡನ ಮೊದಲ ತುತ್ತು ಆಗಿಹೋಗಿದೆ. ಕೊಟ್ಟವಳು ನಾನು. ಎರಡು ತಿಂಗಳಿಂದ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ಓಡಾಡುತ್ತಿದ್ದೇನೆ. ಪ್ರತಿ ಭಾನುವಾರ ನೀನು ಫೋನಿನಲ್ಲಿ "ಏನೂ ಕೊಟ್ಟಿಲ್ಲ ತಾನೇ?" ಅಂತ ಕೇಳುವಾಗ, ಅಮ್ಮ "ಇಲ್ಲ ಕಣೇ, ನೀನು ಬರೋತನಕ ಕಾಯ್ತಾನೆ, ಜಾಣ" ಅನ್ನುವಾಗ, ನಾನು ಬಟ್ಟೆ ಒಣಹಾಕುವ ನೆಪದಲ್ಲಿ ಹೊರಗೆ ಹೋಗಿಬಿಡುತ್ತಿದ್ದೆ. ಬಾಯಿಬಿಟ್ಟು ಸುಳ್ಳು ಹೇಳಲಿಲ್ಲ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅದೂ ಸುಳ್ಳೇ ಅಂತ ಗೊತ್ತಿತ್ತು.

ನೀನು ಹೇಗಿದ್ದೀಯ? ಹಣ್ಣಿನ ರಸ ತಾಗಿ ಬೆರಳ ಸಂದಿಯೆಲ್ಲ ಸುಲಿದಿದೆ ಅಂದಿದ್ದೆಯಲ್ಲ, ವಾಸಿಯಾಯಿತೇ? ದಿನವಿಡೀ ಹಣ್ಣು ಹೆಚ್ಚಿಸಿ ಡಬ್ಬ ತುಂಬಿಸಿಕೊಳ್ಳುವವರು ಒಂದು ಜೊತೆ ಗವಸು ಕೊಟ್ಟರೆ ಅವರ ಗಂಟೇನು ಹೋಗುತ್ತದೆ? ಹಾಸ್ಟೆಲಿನಲ್ಲಿ ಮಂಚ ಬದಲಾಯಿಸಿಕೊಟ್ಟರೋ, ಇನ್ನೂ ಆ ಗೊರಕೆಯವಳ ಪಕ್ಕದಲ್ಲೇ ಮಲಗುತ್ತಿದ್ದೀಯೋ? ಇಲ್ಲಿ ಅಮ್ಮನ ಮಂಡಿ ನೋವು ಹಾಗೇ ಇದೆ, ಬಾಯಿ ಮಾತ್ರ ಗಟ್ಟಿಯಾಗಿದೆ. ಭಾವ ವೆಲ್ಡಿಂಗ್ ಶೆಡ್ಡಿಗೆ ಹೋಗುತ್ತಾರೆ, ಬರುತ್ತಾರೆ, ನಿನ್ನ ದಿಂಬಿನ ಕವರು ಒಗೆಯಲು ಬಿಡುವುದಿಲ್ಲ. ನಾನು ಇನ್ನೂ ಪಾರ್ಸೆಲ್ ಆಫೀಸಿನಲ್ಲೇ ಇದ್ದೇನೆ, ನಂಬು. ಶಾಲೆಯಲ್ಲಿ ನಿಲ್ಲದವಳು ಇನ್ನೆಲ್ಲಿ ನಿಲ್ಲುತ್ತಾಳೆ ಅಂತ ಅಮ್ಮ ಆಡಿಕೊಳ್ಳುತ್ತಿದ್ದಳಲ್ಲ, ಇಲ್ಲಿ ನಿಂತುಕೊಂಡೇ ಕೆಲಸ, ಕೂರಲು ಕುರ್ಚಿಯೇ ಇಲ್ಲ. ಅದಕ್ಕೇ ಹೊಂದಿಕೆಯಾಗಿರಬೇಕು.

ನೀನು ಹೊರಟ ದಿನ ಬಸ್ಸಿನ ಮೆಟ್ಟಿಲ ಮೇಲೆ ನಿಂತು ಹೇಳಿದ್ದು ನಮಗೆ ಮೂವರಿಗೂ ಬಾಯಿಪಾಠ. "ಹಲ್ಲು ಬರೋದು ನೀವು ನೋಡ್ತೀರ, ಕೂರೋದು ನೀವು ನೋಡ್ತೀರ. ಒಂದು ತುತ್ತು ಮಾತ್ರ ನನಗಿಡಿ." ಆಗ ಅದರಲ್ಲಿ ತಪ್ಪೇನೂ ಇರಲಿಲ್ಲ. ಆರು ತಿಂಗಳು ತುಂಬಿದ ಮೇಲೆ ಊಟ ಶುರು ಮಾಡಿ ಅಂತ ನರ್ಸಮ್ಮನೇ ಹೇಳಿದ್ದರು, ಅಷ್ಟೊತ್ತಿಗೆ ನಿನ್ನ ಸೀಸನ್ನೂ ಮುಗಿಯಬೇಕಿತ್ತು. ಆಮೇಲೆ ಫಸಲು ಹೆಚ್ಚಾಯಿತು ಅಂತ ಸೀಸನ್ ಮುಂದೆ ಹೋಯಿತು. ಮತ್ತೆ ಮುಂದೆ ಹೋಯಿತು. ಗುಂಡನ ತಿಂಗಳುಗಳು ಮಾತ್ರ ಯಾರನ್ನೂ ಕೇಳದೆ ತುಂಬುತ್ತಲೇ ಹೋದವು. ನಾನು ಬಾಯಿ ತೆಗೆದರೆ ಅಮ್ಮ "ಇನ್ನೆಷ್ಟು ದಿನ, ಇಗೋ ಬಂದೇಬಿಡ್ತಾಳೆ. ಹಾಲು ಹೊಟ್ಟೆ ತುಂಬ ಕುಡೀತಾನಲ್ಲ" ಅನ್ನುತ್ತಿದ್ದಳು. ಭಾವ ಅಷ್ಟೂ ಹೇಳುತ್ತಿರಲಿಲ್ಲ. "ಮದುವೆಯಾದಾಗಿನಿಂದ ಅವಳು ನನ್ನ ಹತ್ತಿರ ಕೇಳಿದ್ದು ಇದೊಂದೇ" ಅಂದರು ಒಂದು ಸಲ. ಆ ಮಾತಿನ ಎದುರು ಏನು ವಾದ ಮಾಡುತ್ತೀಯ?

ಅಷ್ಟರಲ್ಲಿ ಗುಂಡ ನಮ್ಮ ಕೈ ನೋಡಲು ಶುರು ಮಾಡಿದ. ತಟ್ಟೆಯಿಂದ ಬಾಯಿಗೆ, ಬಾಯಿಂದ ತಟ್ಟೆಗೆ, ಕಣ್ಣು ಕೈಯ ಹಿಂದೆಯೇ ಓಡುತ್ತಿತ್ತು. ನಾವು ಅಗಿದರೆ ಅವನ ದವಡೆಯೂ ಆಡುತ್ತಿತ್ತು. ಭಾವನಿಗೆ ಅದನ್ನು ನೋಡಲಾಗಲಿಲ್ಲ. ಮಗುವಿನ ಎದುರಿಗೆ ಯಾರೂ ತಿನ್ನಬಾರದು ಅಂತ ಮನೆಯಲ್ಲಿ ಕಾನೂನಾಯಿತು. ಅಮ್ಮ ಅಡುಗೆಮನೆ ಬಾಗಿಲು ಹಾಕಿಕೊಂಡು ನಿಂತೇ ಉಣ್ಣುತ್ತಾಳೆ. ಭಾವ ಹಿತ್ತಲಲ್ಲಿ, ಗೋಡೆಗೆ ಮುಖ ಮಾಡಿ. ನಾನು ಮಹಡಿ ಮೆಟ್ಟಿಲ ಮೇಲೆ. ತಟ್ಟೆಯ ಸದ್ದು ಕೇಳಿಸಬಾರದು ಅಂತ ನಲ್ಲಿ ಬಿಟ್ಟಿಡುವುದು ಬೇರೆ. ಮೊದಮೊದಲು ನಾನು ನಕ್ಕೆ. "ಏನಮ್ಮ ಇದು, ಅನ್ನ ಕದ್ದುಕೊಂಡು ಬಂದಿದ್ದೀವಾ?" ಅಂದರೆ "ಬಾಯಿ ಮುಚ್ಕೊಂಡು ತಿನ್ನು" ಅಂದಳು. "ಮುಚ್ಕೊಂಡು ಹೇಗೆ ತಿನ್ನೋದು, ನೀನೇ ತೋರಿಸಿಕೊಡು" ಅಂದೆ. ಅಮ್ಮನಿಗೂ ನಗು ಬಂತು. ಆಗೆಲ್ಲ ಇನ್ನೂ ನಗು ಬರುತ್ತಿತ್ತು.

ಅಮ್ಮ ಮಂಡಿ ತೋರಿಸಲು ಹೋದ ದಿನ ಅವನನ್ನು ಆಫೀಸಿಗೆ ಎತ್ತಿಕೊಂಡು ಬಂದಿದ್ದೆ. ನನ್ನ ಡಬ್ಬಿಯಲ್ಲಿ ಬೇಯಿಸಿದ ಆಲೂಗಡ್ಡೆ ಇತ್ತು. ಒಂದು ಚೂರು ಕಿವುಚಿ, ಬಿಸಿನೀರು ಬೆರೆಸಿ, ಚಮಚದ ತುದಿಯಲ್ಲಿ ಹಿಡಿದೆ. ಅಕ್ಕಾ, ಅವನು ಬಾಯಿ ತೆರೆದ ರೀತಿ! ಆ ಒಂದು ಕ್ಷಣ ನಿನ್ನದಾಗಿತ್ತು, ನಾನು ಕಸಿದುಕೊಂಡೆ, ಅದನ್ನು ಒಪ್ಪುತ್ತೇನೆ. ಆಮೇಲೆ ಓಕರಿಸಿದ. ಮುಖ ಕೆಂಪಾಯಿತು, ಕಣ್ಣಲ್ಲಿ ನೀರು ಬಂತು. ನಮ್ಮ ಮಾಲೀಕರು ಓಡಿ ಬಂದು ಮಗುಚಿ ಹಿಡಿದು ಬೆನ್ನು ತಟ್ಟಿದರು, ಎಲ್ಲ ಹೊರಗೆ ಬಂತು. "ಮಲಗಿಸಿಕೊಂಡು ತಿನ್ನಿಸ್ತಾರೇನೇ? ನೆಟ್ಟಗೆ ಕೂರಿಸಿ ಕೊಡು, ಇನ್ನೊಂದು ಸಲ ನೋಡು" ಅಂದರು. ನಾನು ನೋಡಲಿಲ್ಲ. ಡಬ್ಬಿ ಮುಚ್ಚಿಬಿಟ್ಟೆ. ಅಕ್ಕನಿಗೆ ಕೊಟ್ಟ ಮಾತು ಮುರಿದಿದ್ದಕ್ಕೆ ಹೀಗಾಯಿತು ಅನ್ನಿಸಿತು, ಅಂಥದ್ದನ್ನೆಲ್ಲ ನಂಬದ ನನಗೂ. ಅವತ್ತಿನಿಂದ ನಾನೂ ಅವರಿಬ್ಬರ ಜೊತೆ ಸೇರಿ ಸುಮ್ಮನಾದೆ. ಎಲ್ಲದಕ್ಕೂ ಎದುರು ನಿಲ್ಲುವವಳು ಅನ್ನಿಸಿಕೊಂಡವಳು, ನಿಲ್ಲಬೇಕಾದ ಕಡೆ ನಿಲ್ಲಲಿಲ್ಲ.

ಗುಂಡ ಆಮೇಲಾಮೇಲೆ ನಮ್ಮ ಕೈ ನೋಡುವುದನ್ನು ಬಿಟ್ಟ. ಅಳುವುದೂ ಕಡಿಮೆಯಾಯಿತು. ಮಲಗಿಸಿದರೆ ಮಲಗಿದ ಕಡೆಯೇ, ಕೂರಿಸಿದರೆ ಕೂತ ಕಡೆಯೇ. "ಎಷ್ಟು ಒಳ್ಳೇ ಮಗು, ಹಠ ಅನ್ನೋದೇ ಇಲ್ಲ" ಅಂತ ಪಕ್ಕದ ಮನೆಯವರು ಹೊಗಳುತ್ತಿದ್ದರು, ಅಮ್ಮ ದೃಷ್ಟಿಯಾಗುತ್ತದೆ ಅಂತ ಒಳಗೆ ಕರೆದುಕೊಂಡು ಹೋಗುತ್ತಿದ್ದಳು. ತುಟಿಯ ಮೇಲೆ ಯಾವಾಗಲೂ ಬಿಳಿ ಕಲೆ. ಹಾಲು ಅಂದುಕೊಂಡೆವು. ಹೋದ ವಾರ ತೊಟ್ಟಿಲಿನ ಬಟ್ಟೆ ಬದಲಾಯಿಸಲು ಬಗ್ಗಿದಾಗ ಗೋಡೆ ಕಂಡಿತು. ಅವನ ತಲೆಯ ಮಟ್ಟಕ್ಕೆ, ಅಂಗೈ ಅಗಲದಷ್ಟು ಸುಣ್ಣ ಇರಲೇ ಇಲ್ಲ. ಒಳಗಿನ ಗಾರೆ ಕಾಣುತ್ತಿತ್ತು. ಮುಟ್ಟಿದರೆ ಒದ್ದೆ. ನಾವು ಬಾಗಿಲು ಹಾಕಿಕೊಂಡು ಉಣ್ಣುತ್ತಿದ್ದಾಗ ಅವನು ಇಲ್ಲಿ ಗೋಡೆ ನೆಕ್ಕುತ್ತಿದ್ದ, ಅಕ್ಕಾ. ಅಮ್ಮ ಅಲ್ಲೊಂದು ಕಂಬಳಿ ಇಳಿಬಿಟ್ಟಳು. ಮಾರನೇ ದಿನ ಕಂಬಳಿಯ ಅಂಚು ಸರಿದಿತ್ತು, ಅದರ ಕೆಳಗೆ ಹೊಸದೊಂದು ಒದ್ದೆ. ಭಾವ ತೊಟ್ಟಿಲನ್ನು ಕೋಣೆಯ ನಡುವೆ ಎಳೆದಿಟ್ಟರು. ಈಗ ಅವನು ಮಲಗಿದಲ್ಲಿಂದಲೇ ಕತ್ತು ತಿರುಗಿಸಿ ಗೋಡೆಯನ್ನು ನೋಡುತ್ತಾನೆ.

ತೊಟ್ಟಿಲು ಎಳೆದಿಟ್ಟ ದಿನವೇ ಅವನನ್ನು ಇಲ್ಲಿಗೆ ತಂದು ಪಾರ್ಸೆಲ್ ತೂಗುವ ಯಂತ್ರದ ಮೇಲೆ ಕೂರಿಸಿದೆ. "ವಿಳಾಸ ಸರಿಯಾಗಿ ಬರೆದಿದ್ದೀಯಾ? ವಾಪಸು ಬಂದರೆ ನಾನು ಇಟ್ಟುಕೊಳ್ಳಲ್ಲಪ್ಪ" ಅಂತ ಮಾಲೀಕರು ತಮಾಷೆ ಮಾಡಿದರು. ಆಲೂಗಡ್ಡೆಯ ದಿನವೂ ಅವನನ್ನು ಆಟಕ್ಕೆ ತೂಗಿದ್ದೆವು. ಮುಳ್ಳು ಅಲ್ಲೇ ನಿಂತಿತು. ಎರಡು ತಿಂಗಳ ಹಿಂದೆ ಎಲ್ಲಿತ್ತೋ ಅಲ್ಲೇ. ಮಾಲೀಕರು ಯಂತ್ರ ಕೆಟ್ಟಿರಬೇಕು ಅಂತ ಒಂದು ಮೂಟೆ ಇಟ್ಟು ನೋಡಿದರು. ಯಂತ್ರ ಸರಿಯಾಗಿಯೇ ಇತ್ತು. ಆಮೇಲೆ ಅವರು ತಮಾಷೆ ಮಾಡಲಿಲ್ಲ.

ನಿನ್ನೆ ಆರೋಗ್ಯ ಕೇಂದ್ರಕ್ಕೆ ಹೋಗಿದ್ದೆ. ನರ್ಸಮ್ಮ ಅವನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು, ಅಂಗೈ ನೋಡಿದರು. "ಮನೆಯಲ್ಲಿ ನೀವೆಲ್ಲ ಊಟ ಮಾಡ್ತೀರಾ?" ಅಂತ ಕೇಳಿದರು. ಮಾಡ್ತೀವಿ ಅಂದೆ. "ಇವನು?" "ಹಾಲು" ಅಂದೆ. "ಬರೀ ಹಾಲಲ್ಲಿ ರಕ್ತ ಆಗಲ್ಲಮ್ಮ, ರಕ್ತ ಕಮ್ಮಿಯಾದ ಮಕ್ಕಳೇ ಗೋಡೆ ನೆಕ್ಕೋದು" ಅಂದು ಪರೀಕ್ಷೆಗೆ ರಕ್ತ ತೆಗೆದುಕೊಂಡರು. ಸೂಜಿ ಚುಚ್ಚಿದರೂ ಅವನು ಜೋರಾಗಿ ಅಳಲಿಲ್ಲ. ನೆಟ್ಟಗೆ ಕೂರಿಸಿ ಕೊಡಬೇಕಂತೆ, ಚಮಚ ಓರೆ ಮಾಡಿದರೆ ಜಾರಿಹೋಗದಷ್ಟು ಗಟ್ಟಿಯಿರಬೇಕಂತೆ, ಒಂದು ಹೊಸದು ಒಗ್ಗಿದ ಮೇಲೆ ಇನ್ನೊಂದಂತೆ, ಮುಖ ತಿರುಗಿಸಿದರೆ ತುರುಕಬಾರದಂತೆ. ಇಷ್ಟು ಸುಲಭದ್ದನ್ನು ನಾವು ಎಷ್ಟು ದೊಡ್ಡದು ಮಾಡಿಕೊಂಡೆವು.

ಸಂಜೆ ಮನೆಯಲ್ಲಿ ಎಲ್ಲವನ್ನೂ ಹೇಳಿದೆ, ಆಲೂಗಡ್ಡೆಯದ್ದೂ ಸೇರಿಸಿ. ಭಾವ ನನ್ನನ್ನು ಬೈಯುತ್ತಾರೆ ಅಂದುಕೊಂಡಿದ್ದೆ. "ಅವಳಿಗೆ ನಾನೇನು ಹೇಳಲಿ?" ಅಂದರು. ಇದ್ದದ್ದು ಹೇಳಿ ಅಂದೆ. ಎದ್ದು ಹೋದವರು ರಾತ್ರಿ ಊಟಕ್ಕೂ ಬರಲಿಲ್ಲ. ಅಮ್ಮ, "ಭಾನುವಾರ ಫೋನ್ ಬರುತ್ತಲ್ಲ, ಅವಳನ್ನ ಒಂದು ಮಾತು ಕೇಳಿ ಶುರು ಮಾಡೋಣ" ಅಂದಳು. ಆಗಲೂ ಅಷ್ಟೇ! ನಾನು ಕಾಯಲಿಲ್ಲ. ಇವತ್ತು ಬೆಳಿಗ್ಗೆ ಅಮ್ಮನ ಎದುರಿಗೇ ಅವನನ್ನು ನೆಟ್ಟಗೆ ಕೂರಿಸಿ, ಮೆತ್ತಗೆ ಬೇಯಿಸಿದ ಅನ್ನ ಕಿವುಚಿ ತುಟಿಯ ಹತ್ತಿರ ಹಿಡಿದೆ. ಅವನು ಬಾಯಿ ತೆರೆಯಲಿಲ್ಲ. ಚಮಚ ಏನು ಅಂತಲೇ ಗೊತ್ತಿಲ್ಲದವನ ಹಾಗೆ ನೋಡಿದ, ಮುಖ ತಿರುಗಿಸಿದ. ಅಮ್ಮ ನನ್ನ ಕೈಯಿಂದ ಚಮಚ ತೆಗೆದುಕೊಂಡು ತಾನೂ ಹಿಡಿದು ನೋಡಿದಳು. ಆಮೇಲೆ ನೆಲದ ಮೇಲೆ ಕೂತುಬಿಟ್ಟಳು, ಆ ಮಂಡಿಯಲ್ಲಿ.

ನನಗೆ ನಿನ್ನ ಮೇಲೆ ಸಿಟ್ಟಿದೆ, ಮುಚ್ಚಿಡುವುದಿಲ್ಲ. ಪ್ರತಿ ವಾರ ಕೊಟ್ಟಿಲ್ಲ ತಾನೇ ಅಂತ ಕೇಳಿದೆ, ತೆಳ್ಳಗಾಗಿದ್ದಾನಾ ಅಂತ ಒಂದು ಸಲವೂ ಕೇಳಲಿಲ್ಲ. ಆದರೆ ಅವನು ನಿನ್ನ ಕಣ್ಣೆದುರು ಇರಲಿಲ್ಲ, ನಮ್ಮ ಕಣ್ಣೆದುರು ಇದ್ದ. ನೀನು ಬಂದು ಮೊದಲು ಯಾರನ್ನು ಬೈದರೂ ಸರಿ, ಭಾವನನ್ನು ಮಾತ್ರ ಬೈಯಬೇಡ. ಕೈಗೆ ಎಣ್ಣೆ ಹಚ್ಚಿಕೋ, ಬರಿಗೈಯಲ್ಲಿ ಹಣ್ಣು ಮುಟ್ಟಬೇಡ. ಅಮ್ಮ ನಿನ್ನನ್ನು ಕೇಳಿದಳು ಅಂತ ಬರೆಯಲು ಅವಳು ಹೇಳಿಲ್ಲ, ಆದರೂ ಕೇಳಿದಳು ಅಂತಲೇ ತಿಳಿದುಕೋ.

ಇಂತಿ ನಿನ್ನ
ಬುಗುರಿ

ಮತ್ತೆ ಬರೆಯುತ್ತಿದ್ದೇನೆ: ಪತ್ರ ಮಡಚುವಷ್ಟರಲ್ಲಿ ಮಾಲೀಕರ ಫೋನಿಗೆ ನರ್ಸಮ್ಮನ ಕರೆ ಬಂತು. ರಕ್ತ ತುಂಬಾ ಕಡಿಮೆ ಇದೆಯಂತೆ, ಇನ್ನು ಚಮಚದಿಂದ ಮಾತ್ರ ಆಗುವ ಕೆಲಸವಲ್ಲವಂತೆ, ರಕ್ತ ಕೊಡಬೇಕಾಗುತ್ತದಂತೆ. ದೊಡ್ಡಾಸ್ಪತ್ರೆಯಲ್ಲಿ ಹಾಸಿಗೆ ಹೇಳಿಟ್ಟಿದ್ದಾರೆ. ಬೆಳಗಿನ ಹಾಲನ್ನೂ ಅವನು ಅರ್ಧ ಬಿಟ್ಟಿದ್ದಾನೆ. ಇವತ್ತು ಅವನನ್ನು ಜೊತೆಗೇ ಆಫೀಸಿಗೆ ತಂದಿದ್ದೇನೆ, ಈಗ ಕೌಂಟರಿನ ಕೆಳಗೆ ಗೋಣಿಬಟ್ಟೆಯ ಮೇಲೆ ಮಲಗಿದ್ದಾನೆ, ಎಬ್ಬಿಸಿದರೂ ಬೇಗ ಏಳುತ್ತಿಲ್ಲ. ಭಾನುವಾರ ಬಿಟ್ಟರೆ ಹಾಸ್ಟೆಲಿನಲ್ಲಿ ನಿನ್ನನ್ನು ಫೋನಿಗೆ ಕರೆಯುವುದಿಲ್ಲವಲ್ಲ, ಅದಕ್ಕೆ ನಮ್ಮ ವ್ಯಾನಿನ ಡ್ರೈವರಣ್ಣ ಈ ಪತ್ರವನ್ನು ಇವತ್ತು ರಾತ್ರಿಯೊಳಗೆ ಹಾಸ್ಟೆಲ್ ಗೇಟಿನಲ್ಲಿ ನಿನ್ನ ಕೈಗೇ ಕೊಡುತ್ತಾರೆ. ರಜೆ ಕೇಳುತ್ತಾ ನಿಲ್ಲಬೇಡ. ಮನೆಗೆ ಬರಬೇಡ, ನೇರ ಆಸ್ಪತ್ರೆಗೆ ಬಾ, ಮಕ್ಕಳ ವಾರ್ಡು. ಭಾವನಿಗೆ ಶೆಡ್ಡಿಗೆ ಹೇಳಿ ಕಳಿಸಿದ್ದೇನೆ, ಉತ್ತರ ಬಂದಿಲ್ಲ. ದೊಡ್ಡಾಸ್ಪತ್ರೆ ಕಡೆಗೆ ಇವತ್ತಿನ ಕೊನೇ ಬಸ್ಸು ಹೋಗಿಯಾಗಿದೆ, ವ್ಯಾನು ನಿನ್ನ ದಾರಿಯದು; ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ಗುಂಡನನ್ನು ಎತ್ತಿಕೊಂಡು ಹೊರಡುತ್ತೇನೆ.