ಆ ಮರಿಯ ತಾಯಿ ಅದಲ್ಲ

ಹುನಗುಂದ
೧೨-೩-೧೯೭೯

ಗೆಳತಿ ಸಿದ್ದಲಿಂಗವ್ವನಿಗೆ ಶಿವಲಿಂಗವ್ವನ ಶರಣು.

ಬಾದಾಮಿಯಿಂದ ನಿನ್ನ ಕಾರ್ಡು ಬಂದು ಎಂಟು ದಿನವಾಯಿತು. ಅದರಲ್ಲಿ ನೀನು ನನ್ನ ಕ್ಷೇಮ ಕೇಳಿಲ್ಲ. ನಮ್ಮಲ್ಲಿಂದ ಒಯ್ದ ನಾಯಿಮರಿ ಸತ್ತಿತು, ಅದರ ರೋಗ ಹತ್ತಿ ನಿಮ್ಮ ಹಳೆಯ ನಾಯಿ ಕೆಂಚನೂ ಹೋದ ಎಂದು ತಿಳಿಸಿ, ಕೊನೆಗೆ ಒಂದೇ ಸಾಲು ಕೇಳಿದ್ದೀ: "ನಿನಗ ಮೊದಲ ಗೊತ್ತಿತ್ತೇನು?"

ಗೊತ್ತಿತ್ತು.

ಇದೊಂದು ಮಾತು ಬರೆಯಲು ಎಂಟು ದಿನ ಬೇಕಾಯಿತು. ಉಳಿದದ್ದನ್ನೂ ಹೇಳಿಬಿಡುತ್ತೇನೆ.

ಸಂಕ್ರಮಣ ಮುಗಿದ ವಾರ ನೀನು ಮೊದಲು ಹೋದದ್ದು ಮರೋಳದ ಜಾಫರಸಾಬರ ಹತ್ತಿರ. ಅವರೂ ನಮ್ಮ ಹಾಗೆ ಬೇಟೆನಾಯಿ ಸಾಕುವವರು. ಮರಿ ಕೈಗೆ ಕೊಡದೆ ನಿನ್ನನ್ನೇ ವಿಚಾರಿಸಿದರಂತೆ: ಹಗಲು ಮನೆಯಲ್ಲಿ ಯಾರಿರುತ್ತಾರೆ, ಸದಾ ಕಟ್ಟಿ ಹಾಕುತ್ತೀರೋ ಓಡಲು ಬಿಡುತ್ತೀರೋ ಎಂದು. "ಅವ್ವನ ಹಾಲ ಬಿಡೂತನಾ ಕೊಡಾಂಗಿಲ್ರಿ, ಇನ್ನೊಂದು ತಿಂಗಳ ಬಿಟ್ಟು ಬರ್ರಿ. ಸಾಕಾಕ ಆಗಲಿಲ್ಲಂದ್ರ ನನಗ ತಿರುಗಿ ತಂದು ಕೊಡ್ರಿ, ಬ್ಯಾರೆ ಯಾರಿಗೂ ದಾಟಸಬ್ಯಾಡ್ರಿ" ಅಂದರಂತೆ. ನಮ್ಮ ಪಡಸಾಲೆಯಲ್ಲಿ ಚಹಾ ಕುಡಿಯುತ್ತ ಅದನ್ನು ಹೇಳಿ ನೀನು ನಕ್ಕೆ. "ಹೆಣ್ಣ ಕೊಡೂ ಮಂದಿನೂ ಇಷ್ಟ ಕೇಳೂದಿಲ್ಲ ನೋಡ" ಅಂದೆ. ನಾನೂ ನಕ್ಕೆ. ನನ್ನನ್ನು ಈ ಮನೆಗೆ ಕೊಡುವಾಗ ನಮ್ಮಪ್ಪ ಕೇಳಿದ್ದು ಹೊಲ ಎಷ್ಟಿದೆ ಎಂದಷ್ಟೆ.

ಗೆಳತಿಯ ಮನೆಯೆಂದು ನಂಬಿ ಬಂದಿದ್ದರೂ ನೀನು ಮರಿಯ ತಾಯಿಯನ್ನು ತೋರಿಸಿ ಎಂದೆ. ನಮ್ಮ ಮನೆಯವರು ತಡವರಿಸಲಿಲ್ಲ. ಹಿತ್ತಲಿನಿಂದ ಬಿಳಿಯ ಹೆಣ್ಣುನಾಯಿಯನ್ನು ಹಿಡಿದು ತಂದರು. ನಿನ್ನ ಮಗಳು ತಾಯವ್ವ ಅದರ ಕೊರಳು ಸವರಿದಳು. ಮರಿ ಮಾತ್ರ ಅದರ ಹತ್ತಿರ ಸುಳಿಯಲಿಲ್ಲ. ನೀನು ನನ್ನ ಮುಖ ನೋಡಿದೆ. "ಹೊಸಾ ಮಂದೀನ ನೋಡಿ ಅಂಜೇತಿ" ಅಂದೆ ನಾನು.

ಆ ಬಿಳಿ ನಾಯಿ ಒಮ್ಮೆಯೂ ಮರಿ ಹಾಕಿಲ್ಲ. ಖರೆ ತಾಯಿ ಕೊಟ್ಟಿಗೆಯ ಹಿಂದೆ ಬಿದ್ದಿತ್ತು. ಎರಡು ವರ್ಷದಲ್ಲಿ ಅದಕ್ಕೆ ಅದು ನಾಲ್ಕನೆಯ ಸೂಲು. "ಈ ಸಲ ಬಿಡ್ರಿ, ಬರೇ ಎಲುಬು ಉಳದಾವ" ಎಂದು ನಾನು ಮೊದಲೇ ಹೇಳಿದ್ದೆ. "ಬ್ಯಾಟಿ ನಾಯಿಗೆ ಎಲುಬ ಕಾಣಬೇಕ" ಎಂದರು. ಮರಿ ಹಾಕಿ ಇಪ್ಪತ್ತು ದಿನಕ್ಕೆ ಅದರ ಹಾಲು ಬತ್ತಿತು, ಮೂಗು ಸೋರಿತು, ಕಾಲು ಅದುರತೊಡಗಿದವು. ದನದ ಡಾಕ್ಟರರನ್ನು ಕರೆದರೆ ಊರಿಗೆಲ್ಲ ಸುದ್ದಿಯಾಗುತ್ತದೆಂದು ಕರೆಯಲಿಲ್ಲ. ಐದು ಮರಿಗಳಲ್ಲಿ ಎರಡು ನೀವು ಬರುವ ಹಿಂದಿನ ದಿನ ಸತ್ತಿದ್ದವು. ನಿನಗೆ ನಲವತ್ತು ದಿನದ್ದೆಂದು ಕೊಟ್ಟ ಮರಿಗೆ ಇಪ್ಪತ್ತಾರೇ ದಿನ.

ಹೇಳಿಬಿಡಬೇಕೆಂದೇ ಬಸ್‌ಸ್ಟ್ಯಾಂಡಿನ ತನಕ ನಿಮ್ಮ ಜೊತೆ ಬಂದೆ. ತಾಯವ್ವ ಮರಿಯನ್ನು ಮಡಿಲಲ್ಲಿಟ್ಟುಕೊಂಡು ಒಂದೊಂದೇ ಹೆಸರು ಕರೆದು ನೋಡುತ್ತಿದ್ದಳು. ಬಸ್ಸು ಹೋಯಿತು. ಮನೆಗೆ ಬಂದಾಗ "ಏನರೆ ಅಂದೀ?" ಎಂದು ಅವರು ಕೇಳಿದರು. "ಏನೂ ಅಂದಿಲ್ರಿ" ಅಂದೆ. ಅವತ್ತು ನಾನು ಆಡಿದ ಖರೆ ಮಾತು ಅದೊಂದೇ.

ಮೂರನೆಯ ದಿನ ತಾಯಿನಾಯಿ ಸತ್ತಿತು. ಉಳಿದೆರಡು ಮರಿಗಳು ಅಷ್ಟರಲ್ಲಿ ಬಾಗಲಕೋಟೆಗೆ ಹೋಗಿದ್ದವು.

ನಿನಗೆ ಇನ್ನೊಂದು ಮರಿ ಪುಕ್ಕಟೆ ಕೊಡುತ್ತೇವೆ, ನಮ್ಮಲ್ಲಿದ್ದಾಗ ಅದು ಗಟ್ಟಿಯಾಗಿಯೇ ಇತ್ತು ಎಂದು ಬರೆಯಲು ಹೇಳಿದ್ದಾರೆ. ಅದನ್ನು ಬರೆಯಲಾರೆ. ಕೆಲವು ತಿಂಗಳು ಮನೆಗೆ ಯಾವ ಮರಿಯನ್ನೂ ತರಬೇಡ. ಆಮೇಲೆ ತಾಯವ್ವ ಬೇಕೆಂದರೆ ಜಾಫರಸಾಬರಲ್ಲಿಗೇ ಹೋಗು. ಅವರು ಕೇಳಿದ್ದಕ್ಕೆಲ್ಲ ಉತ್ತರ ಹೇಳು.

ಕ್ಷಮಿಸು ಎಂದು ಕೇಳುವುದಿಲ್ಲ.

ಒಂದು ಕಾಲಕ್ಕೆ ನಿನ್ನ ಗೆಳತಿಯಾಗಿದ್ದ
ಶಿವಲಿಂಗವ್ವ

ತಾ.ಕ.: ಎಲ್ಲವನ್ನೂ ಅವರೇ ಮಾಡಿದರು, ನಾನು ಅಂಜಿ ಅವರ ಹಿಂದೆ ನಿಂತಿದ್ದೆ ಎಂಬ ಹಾಗೆ ಮೇಲೆ ಬರೆದಿದ್ದೇನೆ. ಅವತ್ತು ಮರಿಯ ಕಣ್ಣಿಗೆ ಪಿಸುರು ಮೆತ್ತಿ ರೆಪ್ಪೆಗಳು ಅಂಟಿದ್ದವು. ನೀವು ಓಣಿಯಲ್ಲಿ ಬರುವುದನ್ನು ಕಂಡು, ನಿನ್ನ ಮುಂದೆ ನಮ್ಮ ಮನೆಯ ಮಾನ ಹೋಗಬಾರದೆಂದು, ಬಿಸಿನೀರಲ್ಲಿ ಅರಿವೆ ಅದ್ದಿ ಒರೆಸಿ ಅದರ ಕಣ್ಣು ಬಿಡಿಸಿದವಳು ನಾನು. ಒರೆಸು ಎಂದು ಅವರು ಹೇಳಿರಲಿಲ್ಲ.