ನಾನೂರು ಅಡಿ

ಅಂಗಡಿಯಿಂದ, ಮಾರ್ಚ್ ೧೪

ಅಕ್ಕನಿಗೆ,

ಬಾಯಿ ತೆರೆದು ಹಾಗೆ ಕರೆಯಬೇಡ ಎಂದು ನೀನು ಹೇಳಿದ್ದೆ, ಬರೆಯಬೇಡ ಎಂದಿರಲಿಲ್ಲ. ಹರಿಯುವುದಿದ್ದರೆ ಓದಿ ಹರಿ.

ಭಾವನ ವಿಮಾನ ಬಿದ್ದದ್ದರ ತನಿಖಾ ವರದಿ ನಿನ್ನೆ ಬಂತು. ನೂರ ನಲವತ್ತು ಪುಟ, ಎರಡು ಸಲ ಓದಿದೆ. ಭಾವ ಇರಬೇಕಾದ ಎತ್ತರದಲ್ಲೇ ಬರುತ್ತಿದ್ದರು. ಬಾಲದ ಕಡೆಯ ಒಂದು ಬೋಲ್ಟ್ ತುಂಡಾಗಿ, ಕೊನೆಯ ಒಂಬತ್ತು ಸೆಕೆಂಡು ವಿಮಾನ ಅವರ ಮಾತು ಕೇಳಲಿಲ್ಲ. ಹದಿನಾಲ್ಕು ತಿಂಗಳ ಹಿಂದೆ ಟೀವಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತು ನಾನು ಹೇಳಿದ್ದೇ ಬೇರೆ: ಕ್ಯಾಪ್ಟನ್ ಮೊದಲಿಂದ್ಲೂ ನಾನೂರು ಅಡಿ ಕೆಳಗೇ ಹಾರಿಸ್ತಿದ್ರು, ಲೆಕ್ಕ ನನ್ನ ಹತ್ರ ಇದೆ ಅಂತ.

ಆ ಲೆಕ್ಕ ಭಾವನೇ ತಂದುಕೊಟ್ಟ ಪೆಟ್ಟಿಗೆಯದು. ವಿಮಾನದ ಟ್ರಾನ್ಸ್‌ಪಾಂಡರ್ ತಾನು ಯಾರು, ಎಲ್ಲಿದ್ದೇನೆ, ಎಷ್ಟು ಎತ್ತರ ಎಂದು ಕ್ಷಣಕ್ಷಣಕ್ಕೂ ಕೂಗುತ್ತಿರುತ್ತದೆ. ಪೆಟ್ಟಿಗೆ ಕೇಳಿಸಿಕೊಂಡು ಬರೆದಿಡುತ್ತದೆ. ನನ್ನ ಫ್ಯಾನ್ ರಿಪೇರಿ ಅಂಗಡಿಯ ತಾರಸಿಯ ಮೇಲೆ ಆಂಟೆನಾ ಕಟ್ಟಿ ಇಳಿದು ಬಂದವರು, ಏನ್ ಫ್ಯಾನ್ ಡಾಕ್ಟ್ರೇ, ನಾನು ಊಟಕ್ಕೆ ಎಷ್ಟೊತ್ತಿಗೆ ಬರ್ತೀನಿ ಅಂತ ಇನ್ಮೇಲೆ ನಿಮ್ಮಕ್ಕ ನಿನ್ನನ್ನೇ ಕೇಳ್ಲಿ ಅಂದರು. ನೀನು ನಕ್ಕೆ. ನಾನೂ ನಕ್ಕೆ. ಫ್ಯಾನ್ ಡಾಕ್ಟ್ರು ಎಂಬುದು ಮಾತ್ರ ಮುಳ್ಳಿನ ಹಾಗೆ ಚುಚ್ಚುತ್ತಲೇ ಉಳಿಯಿತು.

ಟ್ರಾನ್ಸ್‌ಪಾಂಡರ್ ಹೇಳುವ ಎತ್ತರ ಗಾಳಿಯ ಒತ್ತಡದ ಒಂದೇ ಸ್ಥಿರ ಅಳತೆಗೆ ಕಟ್ಟಿದ್ದು. ಒತ್ತಡ ಹೆಚ್ಚಿದ ದಿನ ಅದು ಇದ್ದದ್ದಕ್ಕಿಂತ ಕಡಿಮೆ ತೋರಿಸುತ್ತದೆ; ನಾವು ಕೂಡಿಸಿಕೊಳ್ಳಬೇಕು. ಅಂದು ಒತ್ತಡ ಹೆಚ್ಚಿತ್ತು, ನಾನು ಕೂಡಿಸಲಿಲ್ಲ. ಭಾವನ ವಿಮಾನ ಬಿದ್ದ ಬೆಳಿಗ್ಗೆಯೇ ಇನ್ನೂ ಹನ್ನೊಂದು ವಿಮಾನಗಳು ಕ್ಷೇಮವಾಗಿ ಇಳಿದಿದ್ದವು. ನನ್ನ ಲೆಕ್ಕ ನಂಬಿದರೆ ಅವೆಲ್ಲ ಇಳಿದದ್ದು ನಾನೂರು ಅಡಿ ಮಣ್ಣಿನೊಳಗೆ. ಜನ ಪಾತಾಳದಿಂದ ಸೂಟ್‌ಕೇಸ್ ಎಳೆದುಕೊಂಡು ಮನೆಗೆ ಹೋಗಿರಬೇಕು! ಪೆಟ್ಟಿಗೆ ಬರೆದಿಟ್ಟದ್ದರಲ್ಲಿ ಒಂದು ಸಾಲು ಮೇಲೆ ಕಣ್ಣಾಡಿಸಿದ್ದರೆ ಸಾಕಿತ್ತು. ಓದದವನ ಕೈಗೆ ಅಂಕಿ ಸಿಕ್ಕರೆ ಹೀಗೇ. ಗೊತ್ತಿರಲಿಲ್ಲ, ಅಷ್ಟೇ.

ಟೀವಿಯವರು ನನ್ನ ಮುಖದ ಕೆಳಗೆ ‘ವಿಮಾನ ತಜ್ಞ’ ಎಂದು ಹಾಕಿದರು. ನಿನ್ನ ಗೇಟಿನ ಮೇಲೆ ಯಾರೋ ‘ಕೊಲೆಗಾರ’ ಎಂದು ಬಳಿದರು. ಮಗಳಿಗೆ ಶಾಲೆ ಬಿಡಿಸಬೇಕಾಯಿತು. ನಿನ್ನ ಮನೆಗೆ ಬಂದ ನನ್ನನ್ನು ನೀನು ಹೊಸ್ತಿಲಲ್ಲೇ ತಡೆದು, ಅವ್ರು ಸತ್ತಿದ್ದು ಒಂದ್ಸಲ ಕಣೋ, ನೀನು ದಿನಾ ಸಾಯಿಸ್ತಿದೀಯ, ಎಲ್ಲಿ ಹೇಳಿದ್ಯೋ ಅಲ್ಲೇ ಹೋಗಿ ತಪ್ಪಾಯ್ತು ಅನ್ನು, ಆಮೇಲೆ ಅಕ್ಕಾ ಅನ್ನು ಅಂದೆ.

ಇವತ್ತು ಆ ಟೀವಿಯವರ ಸ್ಟುಡಿಯೋಗೆ ಹೋಗಿದ್ದೆ. ಅಂದು ಕಾರು ಕಳಿಸಿದವರು ಇಂದು ಕಾವಲುಗಾರನ ಸ್ಟೂಲಿನ ಪಕ್ಕ ಎರಡು ಗಂಟೆ ನಿಲ್ಲಿಸಿದರು. ಕೊನೆಗೊಬ್ಬಳು ಬಂದು, ಹಳೇ ವಿಷ್ಯ ಸಾರ್, ಯಾರ್ ನೋಡ್ತಾರೆ, ಹೊಸದೇನಾದ್ರೂ ಬಿದ್ರೆ ನಾವೇ ಫೋನ್ ಮಾಡ್ತೀವಿ ಅಂದಳು.

ಆದ್ದರಿಂದ ಕಾಗದದಲ್ಲಿ ಬರೆದು ಸಹಿ ಹಾಕುತ್ತಿದ್ದೇನೆ: ಭಾವನ ತಪ್ಪಿರಲಿಲ್ಲ, ನನ್ನ ಲೆಕ್ಕ ತಪ್ಪು. ಪತ್ರಿಕೆಗೆ ಕೊಡು, ಅದೇ ಗೇಟಿಗೆ ಅಂಟಿಸು, ನಿನ್ನಿಷ್ಟ.

ಹೊಸ್ತಿಲಾಚೆಯೇ ನಿಂತಿರುವ
ನಿನ್ನ ತಮ್ಮ

ತಾ.ಕ.: ಪೆಟ್ಟಿಗೆಯನ್ನು ಬೇರೆ ಪಾರ್ಸೆಲ್ ಮಾಡಿದ್ದೇನೆ. ಅದರ ಮೇಲಿರುವ ನನ್ನ ಅಂಗಡಿಯ ಸ್ಟಿಕ್ಕರ್ ಕೀಳು. ಸ್ಟಿಕ್ಕರಿನ ಅಡಿಯಲ್ಲಿ ಭಾವನ ಕೈಬರಹವಿದೆ: ‘ಡಾಕ್ಟ್ರೇ, ಇದು ಹೇಳೋ ಎತ್ತರ ಹಾಗೇ ನಂಬಬೇಡ. ಆ ದಿನದ ಗಾಳಿ ಒತ್ತಡ ನೋಡಿ ಸರಿಮಾಡ್ಕೋ.’ ನಾನು ಅದರ ಮೇಲೆ ಸ್ಟಿಕ್ಕರ್ ಅಂಟಿಸಿದ್ದು ಟೀವಿಯವರು ಅಂಗಡಿಗೆ ಕ್ಯಾಮೆರಾ ತಂದ ಬೆಳಿಗ್ಗೆ. ಮೇಲೆ ‘ಗೊತ್ತಿರಲಿಲ್ಲ’ ಎಂದು ಬರೆದಿದ್ದೇನಲ್ಲ, ಪತ್ರಿಕೆಗೆ ಕೊಡುವ ಮುಂಚೆ ಅದನ್ನು ಹೊಡೆದುಹಾಕು.