ಸೋರಿಕೆ ಪತ್ತೆ ಹಚ್ಚಿದವರ ಹೆಸರು

ಪೈಪ್‌ಲೈನ್ ಸುರಕ್ಷತಾ ಮಸೂದೆ ಸಮಿತಿಯ ಅಧ್ಯಕ್ಷರಿಗೆ ನಮಸ್ಕಾರ.

ಮಸೂದೆಯ ಬಗ್ಗೆ ಕೆಲಸಗಾರರ ಅಭಿಪ್ರಾಯ ಕೇಳಿದ್ದೀರಿ. ನಾನು ಹದಿನೆಂಟು ವರ್ಷದಿಂದ ಗ್ಯಾಸ್ ಪೈಪು ಹೋದ ದಾರಿಯಲ್ಲಿ ನಡೆದು, ವಾಸನೆ ಹಿಡಿದು ಸೋರಿಕೆ ಗುರುತಿಸುವವನು. ಕರಡಿನ ಜೊತೆ ಕೊಟ್ಟ ತಪಾಸಣಾ ನಮೂನೆಯಲ್ಲಿ ‘ಪತ್ತೆ ಹಚ್ಚಿದವರ ಹೆಸರು’ ಎಂಬ ಹೊಸ ಕಾಲಂ ಇದೆ. ಅಲ್ಲಿ ಏನು ಬರೆಯಬೇಕೋ ನನಗೆ ತಿಳಿಯುತ್ತಿಲ್ಲ.

ಎರಡು ವರ್ಷದ ಹಿಂದೆ ಜ್ವರ ಬಂದು, ನನಗೆ ಯಾವ ವಾಸನೆಯೂ ತಿಳಿಯದಂತಾಯಿತು. ಆಮೇಲಿಂದ ಹೆಂಡತಿ ಮುಂದೆ ನಡೆಯುತ್ತಾಳೆ, ನಾನು ರಿಜಿಸ್ಟರ್ ಹಿಡಿದು ಹಿಂದೆ. “ರೀ, ಇಲ್ಲಿ ಬರ್ತಿದೆ” ಅಂದರೆ ಬರೆದುಕೊಳ್ಳುತ್ತೇನೆ. ಮೂರು ಸೋರಿಕೆ ಹಿಡಿದವಳು ಅವಳು. ಪ್ರಶಂಸಾಪತ್ರ ಬಂದದ್ದು ನನಗೆ. ಅವಳ ಹೆಸರು ಬರೆದರೆ ನನ್ನ ಕೆಲಸ ಹೋಗುತ್ತದೆ, ನನ್ನದು ಬರೆದರೆ ಸುಳ್ಳಾಗುತ್ತದೆ. “ಮೂಗು ನಂದು, ಸಹಿ ನಿಮ್ದು. ಇಬ್ರದ್ದೂ ಹಾಕಿ” ಅನ್ನುತ್ತಾಳೆ. ಕಾಲಂ ಅಷ್ಟು ಅಗಲವಿಲ್ಲ.

ಇನ್ನೊಂದು ಮಾತು ಎಲ್ಲಿ ಬರೆಯಬೇಕೋ ಗೊತ್ತಿಲ್ಲ. ಸೋಮವಾರದಿಂದ ಅವಳಿಗೆ ನೆಗಡಿ. ಆದರೂ ನಾಲ್ಕು ದಿನ ಇಬ್ಬರೂ ನಡೆದೆವು, ನಾನು ‘ಸೋರಿಕೆ ಇಲ್ಲ’ ಎಂದು ಬರೆದೆ. ಆ ದಾರಿಯಲ್ಲಿ ಒಂದು ಶಾಲೆ ಇದೆ. ಮಸೂದೆ ನಿಧಾನವಾಗಿ ಆಗಲಿ. ದಯವಿಟ್ಟು ಇವತ್ತೇ, ಮೂಗು ಸರಿಯಿರುವ ಯಾರನ್ನಾದರೂ ಕಳಿಸಿ.

ಇತಿ,
ಹನ್ನೊಂದನೇ ವಿಭಾಗದ ಲೈನ್ ತಪಾಸಣೆಗಾರ
ಮತ್ತು ಅವನ ಹೆಂಡತಿ